ಹೋಟೆಲ್ ಬಾಗಿಲಿಗೆ ಅಡ್ಡ ನಿಂತ ವಾಹನ: ದೂರು ಕೊಡುವ ಬಗೆ

ದೇಹೂ ರೋಡ್‌ನಲ್ಲಿ ಹಳೇ ಮುಂಬಯಿ–ಪುಣೆ ಹೆದ್ದಾರಿಯ ಬದಿ ಹೋಟೆಲ್ ನಡೆಸುವ ಸದಸ್ಯ ಬಾಂಧವರಿಗೆ ಪಾರ್ಕಿಂಗ್ ತಲೆನೋವು ಹೊಸದಲ್ಲ. ಬಾಗಿಲಿಗೆ ಅಡ್ಡ ಒಂದು ಟೆಂಪೋ ನಿಂತರೆ ಹಾಲು, ತರಕಾರಿ, ಗ್ಯಾಸ್ ಸಿಲಿಂಡರ್ ಒಳಗೆ ಬರುವುದಿಲ್ಲ. ಗಿರಾಕಿ ಮುಂದಿನ ಹೋಟೆಲಿಗೆ ಹೋಗುತ್ತಾನೆ. ಅಡುಗೆಮನೆಯಲ್ಲಿ ಬೆಂಕಿ ಹೊತ್ತಿಕೊಂಡರೆ ಅಗ್ನಿಶಾಮಕ ವಾಹನಕ್ಕೂ ದಾರಿಯಿರದು.

ಹಾಗೆಂದು ಚಕ್ರದ ಗಾಳಿ ಬಿಡುವುದು, ಜಗಳಕ್ಕೆ ಇಳಿಯುವುದು ಬೇಡ. ಕೇಸು ನಮ್ಮ ಮೇಲೆಯೇ ಬಂದೀತು. ಕಾನೂನು ನಮ್ಮ ಕಡೆಗಿದೆ. ಕಟ್ಟಡದ ಪ್ರವೇಶದ್ವಾರಕ್ಕೆ ಅಡ್ಡ, ಫುಟ್‌ಪಾತ್ ಮೇಲೆ, ಬಸ್ ಸ್ಟಾಪ್ ಬಳಿ ವಾಹನ ನಿಲ್ಲಿಸುವಂತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 127ನೇ ಕಲಂ ಪ್ರಕಾರ, ನಿಷೇಧಿತ ಜಾಗದಲ್ಲಿ ನಿಂತ ಅಥವಾ ಸಾರ್ವಜನಿಕ ಸ್ಥಳದಲ್ಲಿ 10 ಗಂಟೆ ವಾರಸುದಾರರಿಲ್ಲದೆ ಬಿಟ್ಟ ವಾಹನವನ್ನು ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಎತ್ತಿಸಬಹುದು. ಅದರ ಖರ್ಚು ವಾಹನದ ಮಾಲೀಕನದೇ.

ದೇಹೂ ರೋಡ್ ಠಾಣೆ 2018ರ ಆಗಸ್ಟ್ 15ರಿಂದ ಪಿಂಪ್ರಿ-ಚಿಂಚ್‌ವಡ್ ಪೊಲೀಸ್ ಕಮಿಷನರೇಟ್‌ಗೆ ಸೇರಿದೆ. ಆದ್ದರಿಂದ ದೂರು ಅಲ್ಲಿನ ಸಂಚಾರ ವಿಭಾಗಕ್ಕೆ ಹೋಗಬೇಕು, ಪುಣೆ ನಗರ ಪೊಲೀಸರಿಗಲ್ಲ. ತುರ್ತು ಇದ್ದರೆ 112. ನಂಬರ್ ಪ್ಲೇಟ್ ಹಾಗೂ ಅಡ್ಡವಾದ ಬಾಗಿಲು ಒಟ್ಟಿಗೆ ಕಾಣುವ ಫೋಟೋ, ಜಾಗದ ಗುರುತು, ದಿನಾಂಕ, ಸಮಯ ಜೊತೆಗಿರಲಿ.

ಇನ್ನೊಂದು ಮಾತು. ನಾವೇ ಬರೆಸಿ ರಸ್ತೆಯಲ್ಲಿಟ್ಟ ‘ನೋ ಪಾರ್ಕಿಂಗ್’ ಫಲಕಕ್ಕೆ ಕಾನೂನಿನ ಬಲವಿಲ್ಲ. ನಮ್ಮ ಗಿರಾಕಿಗಳ ಬೈಕು, ನಮ್ಮದೇ ಸಾಮಾನಿನ ಗಾಡಿ ಪಕ್ಕದ ಅಂಗಡಿಗೆ ಅಡ್ಡವಾಗದಂತೆ ವಾಚ್‌ಮನ್‌ಗೆ ಹೇಳಿಟ್ಟರೆ ಮಾತ್ರ ನಮ್ಮ ದೂರಿಗೂ ತೂಕ ಬರುತ್ತದೆ.