ಮೊಮ್ಮಗಳ ಸೈಕಲ್ಲು, ನನ್ನ ಪಂಕ್ಚರ್ ಲೆಡ್ಜರು

"ಮಾವ, ಇನ್ನು ಸಾಕು. ಸೋಮವಾರದಿಂದ ನಾನೇ ಸ್ಕೂಟರ್‌ನಲ್ಲಿ ಬಿಟ್ಟು ಬರ್ತೀನಿ. ಆ ಸೈಕಲ್ ಮಾರಿಬಿಡೋಣ."

ಸೊಸೆ ಹೀಗೆ ಹೇಳಿದಾಗ ಮೊಮ್ಮಗಳು ತಟ್ಟೆಯ ಮುಂದೆ ತಲೆ ತಗ್ಗಿಸಿ ಕೂತಿದ್ದಳು. ಅಂದು ಬೆಳಿಗ್ಗೆ ಗಣಿತದ ಕಿರುಪರೀಕ್ಷೆ. ಅರ್ಧ ದಾರಿಯಲ್ಲಿ ಹಿಂದಿನ ಚಕ್ರ ಪಂಕ್ಚರ್. ಸೈಕಲ್ ತಳ್ಳಿಕೊಂಡು ಶಾಲೆ ಮುಟ್ಟುವ ಹೊತ್ತಿಗೆ ಪ್ರಶ್ನೆಪತ್ರಿಕೆ ಕೊಟ್ಟು ಇಪ್ಪತ್ತು ನಿಮಿಷ ಕಳೆದಿತ್ತು. ಸೊಸೆಯ ಸಿಟ್ಟಿನಲ್ಲಿ ತಪ್ಪೇನೂ ಇರಲಿಲ್ಲ.

ನಾವಿರುವುದು ಮೈಸೂರಿನ ಕುವೆಂಪುನಗರದಲ್ಲಿ. ಅವಳ ಶಾಲೆ ಸರಸ್ವತೀಪುರಂ ಕಡೆ. ಎರಡು ವರ್ಷ ಬೇಡಿಕೊಂಡ ಮೇಲೆ, ಎಂಟನೇ ತರಗತಿಗೆ ಬಂದಾಗ ಸಿಕ್ಕ ಸೈಕಲ್ ಅದು. ದೊಡ್ಡ ರಸ್ತೆ ದಾಟುವವರೆಗೆ ನಾನೂ ನನ್ನ ಹಳೇ ಸೈಕಲ್ ಏರಿ ಜೊತೆಗೆ ಹೋಗುತ್ತೇನೆ. ಶಾಲೆಯ ಗೆಳತಿಯರ ಜಗಳ, ಮೇಷ್ಟರ ತಮಾಷೆ ಎಲ್ಲವೂ ನನ್ನ ಕಿವಿಗೆ ಬೀಳುವುದು ಆ ಹತ್ತು ನಿಮಿಷದಲ್ಲೇ. ಸೈಕಲ್ ಹೋದರೆ ಅದೂ ಹೋಗುತ್ತದೆ ಎಂದು ಸೊಸೆಗೆ ನಾನು ಹೇಳಲಿಲ್ಲ. "ಎರಡು ತಿಂಗಳು ಟೈಮ್ ಕೊಡಮ್ಮ" ಎಂದಷ್ಟೇ ಕೇಳಿದೆ.

ಬ್ಯಾಂಕಿನಲ್ಲಿ ಗುಮಾಸ್ತನಾಗಿ ನಿವೃತ್ತನಾದವನು ನಾನು. ಸಂಜೆ ಲೆಕ್ಕ ಕೂಡದಿದ್ದರೆ ಯಾರನ್ನೂ ಬೈಯದೆ ಮೊದಲು ಪುಸ್ತಕ ತೆಗೆಯುವುದು ನಮ್ಮ ಪಾಠ. ಮನೆಯ ಖರ್ಚಿನ ಪುಸ್ತಕದಲ್ಲಿ ಪಂಕ್ಚರುಗಳೂ ಇದ್ದವು. ಹಾಳು ಅಭ್ಯಾಸ ನೋಡಿ, ಏನು ಚುಚ್ಚಿತ್ತು ಎಂದು ಅಂಗಡಿಯವರನ್ನು ಕೇಳಿ ಅದನ್ನೂ ಬರೆದಿಟ್ಟಿದ್ದೆ. ಐದು ತಿಂಗಳಲ್ಲಿ 9 ಪಂಕ್ಚರ್. ತೂತಿಗೆ 50 ರೂಪಾಯಿಯಂತೆ 450. ಒಂದು ಹೊಸ ಟ್ಯೂಬಿಗೆ 200. ಅದಕ್ಕಿಂತ ಮುಖ್ಯವಾದದ್ದು ಪಕ್ಕದ ಕಾಲಂ. ಸಣ್ಣ ಉಕ್ಕಿನ ತಂತಿ 3, ಗಾಜು 1, ಜಾಲಿಮುಳ್ಳು 1. ಆ ಮುಳ್ಳಿನ ಮೊನೆ ಟೈರಿನಲ್ಲೇ ಉಳಿದು ಮರುದಿನ ಮತ್ತೆ ಚುಚ್ಚಿದ್ದು 1. ಚಕ್ರದ ಕಡ್ಡಿಯ ತಲೆ ಒಳಗಿನಿಂದ ತಿವಿದದ್ದು 1. ಉಳಿದೆರಡರಲ್ಲಿ ಟ್ಯೂಬಿಗೆ ಹಾವು ಕಡಿದ ಹಾಗೆ ಅಕ್ಕಪಕ್ಕ ಜೋಡಿ ತೂತು. ಒಟ್ಟು ಒಂಬತ್ತರಲ್ಲಿ ಏಳು ಹಿಂದಿನ ಚಕ್ರಕ್ಕೇ.

ಆ ತಂತಿಗಳು ಎಲ್ಲಿಂದ ಬರುತ್ತವೆ ಎಂದು ಮೊಮ್ಮಗಳು ಕೇಳಿದಳು. ಲಾರಿ, ಕಾರುಗಳ ಟೈರಿನೊಳಗೆ ಉಕ್ಕಿನ ಸಣ್ಣ ತಂತಿಗಳ ಹೆಣಿಗೆ ಇರುತ್ತದೆ. ಟೈರ್ ಸವೆದು ಸಿಡಿದರೆ ಅವು ರಸ್ತೆಗೆ ಬೀಳುತ್ತವೆ. ಚಳಿಗಾಲದಲ್ಲಿ ಬೀದಿ ಬದಿ ಹಳೇ ಟೈರ್ ಸುಟ್ಟು ಮೈ ಕಾಯಿಸಿಕೊಂಡ ಜಾಗದಲ್ಲೂ ಬೂದಿಯ ಜೊತೆ ಅವೇ ಉಳಿಯುತ್ತವೆ. ಕೂದಲಿನಷ್ಟು ಸಣ್ಣ, ಕಣ್ಣಿಗೆ ಕಾಣುವುದಿಲ್ಲ. ಬರಿ ಬೆರಳಿನಲ್ಲಿ ಹುಡುಕಬೇಡಿ ಮಕ್ಕಳೇ, ರಕ್ತ ಬರುತ್ತದೆ. ಟೈರಿನ ಒಳಮೈ ಮೇಲೆ ಹತ್ತಿಯ ಉಂಡೆಯನ್ನು ಸವರಿಕೊಂಡು ಹೋಗಿ. ಎಳೆ ಎಲ್ಲಿ ಸಿಕ್ಕಿಕೊಳ್ಳುತ್ತದೋ ಕಳ್ಳ ಅಲ್ಲಿದ್ದಾನೆ.

ಬಯಲಿನ ದಾರಿಯಲ್ಲಿ ಓಡಾಡುವವರಿಗೆ ಇನ್ನೊಬ್ಬ ಶತ್ರು ನೆಗ್ಗಿಲು ಮುಳ್ಳು. ಆಯುರ್ವೇದದವರು ಗೋಕ್ಷುರ ಎನ್ನುವುದು ಇದನ್ನೇ. ನೆಲದ ಮೇಲೆ ಹೇಗೆ ಬಿದ್ದರೂ ಒಂದು ಮೊನೆ ಮೇಲಕ್ಕಿರುತ್ತದೆ. ಅಮೆರಿಕದಲ್ಲಿ ಈ ಬಳ್ಳಿಗೆ 'ಪಂಕ್ಚರ್ ವೈನ್' ಎಂದೇ ಹೆಸರು ಬಿದ್ದಿದೆ.

ಲೆಡ್ಜರ್ ಹಿಡಿದು ಸೈಕಲ್ ಅಂಗಡಿಗೆ ಹೋದೆ. ಅಲ್ಲಿ ನಾನು ಮಾಡಿದ ಮೊದಲ ತಪ್ಪನ್ನು ಹೇಳಿಯೇಬಿಡುತ್ತೇನೆ. "26 ಇಂಚಿನ ಗಟ್ಟಿ ಟೈರ್ ಕೊಡಿ" ಎಂದೆ, ಅವರು ಕೊಟ್ಟರು. ಮನೆಗೆ ತಂದು ಹಾಕಿದರೆ ಅಜ್ಜಿಯ ಬಳೆ ಮಗುವಿನ ಕೈಯಲ್ಲಿ ನೇತಾಡಿದ ಹಾಗೆ! ನಾನು ತಂದದ್ದು 26 × 1 3/8. ಅವಳ ಸೈಕಲ್ಲಿನದು 26 × 1.95. ಎರಡಕ್ಕೂ 26 ಎಂದೇ ಹೆಸರು, ಆದರೆ ಮೊದಲನೆಯದು ಕೂರುವ ರಿಮ್ಮಿನ ಅಳತೆ 590 ಮಿಲಿಮೀಟರ್, ಎರಡನೆಯದರದ್ದು 559. ಒಂದೇ ಹೆಸರಿನ ಇಬ್ಬರು ಗ್ರಾಹಕರು ಕೌಂಟರಿಗೆ ಬಂದರೆ ನಾವು ಖಾತೆ ನಂಬರು ನೋಡುತ್ತಿದ್ದೆವು. ಟೈರಿಗೂ ಅಂಥದ್ದೊಂದು ನಂಬರು ಪಕ್ಕದ ಗೋಡೆಯ ಮೇಲೆ ಉಬ್ಬಾಗಿ ಅಚ್ಚಾಗಿರುತ್ತದೆ. 50-559 ಎಂದಿದ್ದರೆ ಅಗಲ 50 ಮಿಲಿಮೀಟರ್, ರಿಮ್ಮಿನ ಅಳತೆ 559. ಎರಡನೇ ಸಂಖ್ಯೆ ಹಳೆಯ ಟೈರಿನದೇ ಆಗಿರಬೇಕು. ಮೊದಲನೆಯದು ತುಸು ಹೆಚ್ಚು ಕಡಿಮೆ ಆದರೆ ನಡೆಯುತ್ತದೆ, ಮಡ್‌ಗಾರ್ಡಿಗೂ ಬ್ರೇಕಿಗೂ ತಾಗದಿದ್ದರೆ ಸರಿ. ಈಗಲೇ ಎದ್ದು ಹೋಗಿ ನಿಮ್ಮ ಸೈಕಲ್ಲಿನದನ್ನು ಓದಿ ನೋಡಿ. ಅಜ್ಜ ಅಜ್ಜಿಯರು ಕನ್ನಡಕ ಮರೆಯಬೇಡಿ; ಕಪ್ಪಿನ ಮೇಲೆ ಕಪ್ಪು ಅಕ್ಷರ.

ಇನ್ನು ಗಟ್ಟಿ ಎಂದರೇನು? ಟೈರಿನ ಮೇಲಿನ ರಬ್ಬರಿಗೂ ಒಳಗಿನ ನೂಲಿನ ಬಟ್ಟೆಗೂ ಮಧ್ಯೆ ಒಂದು ರಕ್ಷಣೆಯ ಪದರ ಇಟ್ಟಿರುತ್ತಾರೆ. ಕೆಲವದರಲ್ಲಿ ಬಿಗಿಯಾಗಿ ನೇಯ್ದ ನೈಲಾನ್, ಕೆಲವದರಲ್ಲಿ ಕೆವ್ಲಾರ್, ಇನ್ನು ಕೆಲವದರಲ್ಲಿ ಬರೀ ದಪ್ಪ ರಬ್ಬರು. ಕೆವ್ಲಾರ್ ಎಂದರೆ ಗುಂಡು ತಡೆಯುವ ಅಂಗಿಗಳಲ್ಲಿ ಬಳಸುವ ನಾರು. ಅಮೆರಿಕದ ಡ್ಯುಪಾಂಟ್ ಕಂಪನಿಯಲ್ಲಿ ಸ್ಟೆಫನಿ ಕ್ವಾಲೆಕ್ ಎಂಬ ರಸಾಯನಶಾಸ್ತ್ರಜ್ಞೆ 1965ರಲ್ಲಿ ಇದಕ್ಕೆ ದಾರಿ ಕಂಡುಕೊಂಡರು. ಅವರು ಹುಡುಕುತ್ತಿದ್ದದ್ದೂ ಅಂಗಿಗಲ್ಲ, ಟೈರಿಗೆ ಹಾಕಬಹುದಾದ ಹಗುರವಾದ ಗಟ್ಟಿ ನಾರಿಗೆ! ಆದರೆ ಒಂದು ಎಚ್ಚರಿಕೆ. ಟೈರಿನ ಮೇಲೆ ಕೆವ್ಲಾರ್ ಎಂದು ಬರೆದಾಕ್ಷಣ ಮುಳ್ಳು ತಡೆಯುತ್ತದೆ ಎಂದುಕೊಳ್ಳಬೇಡಿ. ಮಡಚುವ ಟೈರುಗಳಲ್ಲಿ ರಿಮ್ಮಿಗೆ ಕೂರುವ ಅಂಚಿನ ತಂತಿಯ ಬದಲು ಆ ನಾರನ್ನು ಹಾಕಿರುತ್ತಾರೆ, ಅಷ್ಟೇ. ರಸ್ತೆಗೆ ತಾಗುವ ನಡುಭಾಗದಲ್ಲಿ ಪದರ ಇದೆಯೇ ಎಂದು ಕೇಳಿಯೇ ತೆಗೆದುಕೊಳ್ಳಬೇಕು.

ಜರ್ಮನಿಯ ಶ್ವಾಲ್ಬೆ ಕಂಪನಿಯ ಮ್ಯಾರಥಾನ್ ಪ್ಲಸ್ ಟೈರಿನಲ್ಲಿ ಈ ರಬ್ಬರ್ ಪದರವೇ 5 ಮಿಲಿಮೀಟರ್ ದಪ್ಪ. ತಂತಿ, ಗಾಜಿನ ಚೂರು ಅಷ್ಟು ಆಳ ಇಳಿಯುವುದು ಅಪರೂಪ. ದಿನಾ ದೂರ ಹೋಗುವವರಿಗೆ ಅದು ಸರಿಯಾದೀತು. ಆದರೆ ಬೆಲೆ ಸಾವಿರಗಳ ಲೆಕ್ಕ, ತೂಕ ಹೆಚ್ಚು, ರಿಮ್ಮಿಗೆ ಏರಿಸಲು ಪೈಲ್ವಾನರೇ ಬೇಕು. ಹದಿಮೂರರ ಹುಡುಗಿಯ ಮೂರು ಕಿಲೋಮೀಟರ್ ದಾರಿಗೆ ಇದು ಹೆಚ್ಚಾಯಿತು ಎನಿಸಿತು. ಕಡೆಗೆ ನಮ್ಮ ದೇಶದ್ದೇ, ನೈಲಾನ್ ಪದರ ಇರುವ ಟೈರೊಂದನ್ನು 700 ಚಿಲ್ಲರೆ ಕೊಟ್ಟು ತಂದೆ. ಒಂದೇ. ಹೆಚ್ಚು ಭಾರ ಹೊರುವುದು ಹಿಂದಿನ ಚಕ್ರ, ಬೇಗ ಸವೆಯುವುದೂ ಅದೇ. ಒಂದಕ್ಕೇ ದುಡ್ಡಿದ್ದರೆ ಅದು ಹಿಂದಕ್ಕೇ ಸಲ್ಲಬೇಕು.

ಮೊದಲಿದ್ದ ಟೈರಿನ ಮೇಲೆ ದೊಡ್ಡ ದೊಡ್ಡ ಗುಬುಟು ಇದ್ದವು. ಮಕ್ಕಳಿಗೆ ಅದು ಮೋಟರ್‌ಬೈಕಿನಂತೆ ಚಂದ. ಆದರೆ ಅವು ಕೆಸರಿಗೆ, ಕಾಡುದಾರಿಗೆ. ಡಾಂಬರಿನ ಮೇಲೆ ಗುಂಯ್ ಎನ್ನುತ್ತವೆ, ಕಾಲು ಸೋಲಿಸುತ್ತವೆ, ಗುಬುಟಿನ ನಡುವಿನ ಸಂದಿಯಲ್ಲಿ ರಬ್ಬರು ತೆಳ್ಳಗಿರುತ್ತದೆ. ಹೊಸದು ಸಣ್ಣ ಗೀರುಗಳ ನುಣುಪು ಟೈರು. "ಶೋ ಇಲ್ಲ ತಾತ" ಎಂದು ಮೂತಿ ಉದ್ದ ಮಾಡಿದವಳು ಎರಡು ದಿನದಲ್ಲಿ "ಹಗುರ ಓಡುತ್ತೆ" ಎಂದಳು.

ಗಾಳಿಯೇ ಬೇಡದ ಗಟ್ಟಿ ಟೈರೂ ಸಿಗುತ್ತದೆ ಎಂದು ಯಾರೋ ಹೇಳಿದರು. ನಿಜ, ಅದಕ್ಕೆ ಪಂಕ್ಚರೇ ಇಲ್ಲ. ಹಿಂದೆ ಎಲ್ಲ ಸೈಕಲ್ಲುಗಳೂ ಹಾಗೇ ಇದ್ದವು, ಸವಾರರ ಸೊಂಟ ಮುರಿಯುತ್ತಿತ್ತು. 1888ರಲ್ಲಿ ಐರ್ಲೆಂಡಿನ ಬೆಲ್‌ಫಾಸ್ಟಿನಲ್ಲಿದ್ದ ಪಶುವೈದ್ಯ ಜಾನ್ ಬಾಯ್ಡ್ ಡನ್ಲಪ್ ತನ್ನ ಮಗನ ಮೂರು ಚಕ್ರದ ಸೈಕಲ್ಲಿಗಾಗಿಯೇ ಗಾಳಿ ತುಂಬಿದ ಟೈರ್ ಮಾಡಿದ್ದು. ಅವನಿಗೂ ಮೊದಲೇ 1845ರಲ್ಲಿ ಸ್ಕಾಟ್ಲೆಂಡಿನ ರಾಬರ್ಟ್ ಥಾಮ್ಸನ್ ಅಂಥದ್ದಕ್ಕೆ ಪೇಟೆಂಟ್ ಪಡೆದಿದ್ದ. ಆಗ ಅದು ನಡೆಯಲಿಲ್ಲ. ನಮ್ಮ ಉಬ್ಬುತಗ್ಗಿನ ರಸ್ತೆಯಲ್ಲಿ ಡನ್ಲಪ್ ಕೊಟ್ಟ ಗಾಳಿಯನ್ನು ಬಿಟ್ಟುಕೊಡಲು ನನಗೆ ಮನಸ್ಸು ಬರಲಿಲ್ಲ. ಟ್ಯೂಬಿನೊಳಗೆ ಹಾಕುವ ಅಂಟಿನ ದ್ರವ ಸಣ್ಣ ತೂತಿಗೆ ಸರಿ, ಆದರೆ ಕಾಲಕ್ರಮದಲ್ಲಿ ಒಣಗುತ್ತದೆ.

ಹೊಸ ಟೈರ್ ಬಂದರೂ ಲೆಡ್ಜರಿನ ಮೂರು ತೂತುಗಳಿಗೆ ಅದು ಉತ್ತರವಲ್ಲ. ಕಡ್ಡಿಯ ತಲೆ ತಿವಿದದ್ದು ರಿಮ್ಮಿನೊಳಗಿನ ಪಟ್ಟಿ ಸರಿದಿದ್ದರಿಂದ. ಪಟ್ಟಿ ಬದಲಿಸಿದೆವು, ಖರ್ಚು ಚಿಲ್ಲರೆಯಲ್ಲಿ ಮುಗಿಯಿತು. ಜೋಡಿ ತೂತುಗಳ ವಿಷಯ ನಮ್ಮ ಮನೆಯದೇ ತಪ್ಪು. ಗಾಳಿ ಕಡಿಮೆ ಇರುವಾಗ ಚಕ್ರ ಹಳ್ಳಕ್ಕೆ ಬಿದ್ದರೆ, ಹಂಪಿಗೆ ಬಡಿದರೆ ಟ್ಯೂಬು ರಿಮ್ಮಿನ ಎರಡು ಅಂಚಿಗೆ ಸಿಕ್ಕಿ ಜಜ್ಜಿಹೋಗುತ್ತದೆ. ಎಂಥ ಪದರವೂ ಅದನ್ನು ತಡೆಯದು. ಟ್ಯೂಬಿನ ರಬ್ಬರು ತೂತಿಲ್ಲದೆಯೂ ದಿನದಿನವೂ ಚೂರುಚೂರು ಗಾಳಿ ಬಿಡುತ್ತಿರುತ್ತದೆ. ಅವಳ ಟೈರಿನ ಮೇಲೆ 40ರಿಂದ 65 ಪಿಎಸ್ಐ ಎಂದಿತ್ತು. ಮೀಟರ್ ಇರುವ ಪಂಪಿನಿಂದ ಅಳೆದರೆ 22! ಹೆಬ್ಬೆರಳಿನಲ್ಲಿ ಒತ್ತಿ ನೋಡಿ "ಗಟ್ಟಿ ಇದೆ" ಎಂದು ದಿನಾ ಸರ್ಟಿಫಿಕೇಟ್ ಕೊಟ್ಟವನು ನಾನೇ. ಪದರದ ಟೈರು ಗಾಳಿ ಕಡಿಮೆಯಿದ್ದರೂ ಬೆರಳಿಗೆ ಗಟ್ಟಿಯಾಗಿಯೇ ಸಿಗುತ್ತದೆ, ಹೆಬ್ಬೆರಳನ್ನು ನಂಬುವಂತಿಲ್ಲ. ಈಗ ಭಾನುವಾರ ತಲೆಸ್ನಾನಕ್ಕೆ ಮೊದಲು ಗಾಳಿ. ಇಬ್ಬರಿಗೂ 50.

ನನ್ನ ಹಳೇ ಸೈಕಲ್ಲಿನ ಮಾತು ಬೇರೆ. ಅದರ ವಾಲ್ವಿನೊಳಗೆ ಸಣ್ಣ ರಬ್ಬರ್ ನಳಿಗೆ ಇರುತ್ತದೆ. ಅದು ಒಣಗಿ ಸೀಳಿದರೂ ಗಾಳಿ ಇಳಿಯುತ್ತದೆ, ನಾವು ಪಂಕ್ಚರ್ ಎನ್ನುತ್ತೇವೆ. ಒದ್ದೆ ಬೆರಳು ವಾಲ್ವಿನ ಬಾಯಿಗೆ ಇಟ್ಟು ಗುಳ್ಳೆ ಬಂದರೆ ಟೈರಿನ ತಂಟೆಗೆ ಹೋಗಬೇಡಿ, ನಳಿಗೆ ಬದಲಿಸಿ.

ಎರಡು ತಿಂಗಳು ಕಳೆದು ಮೂರನೆಯದು ನಡೆಯುತ್ತಿದೆ. ಲೆಡ್ಜರಿನಲ್ಲಿ ಒಂದೇ ನಮೂದು, ಅದೂ ನನ್ನ ಕೈಬರಹವಲ್ಲ: "ಮುಂದಿನ ಚಕ್ರ. ಮೊಳೆ. ಪ್ಯಾಚ್ ನಾನೇ ಹಾಕಿದೆ. ಖರ್ಚು 0." ಸೊಸೆ ಪುಸ್ತಕ ತಿರುವಿ ನೋಡಿದಳು. ಏನೂ ಹೇಳದೆ ಸ್ಕೂಟರಿನ ಕೀಲಿ ಎತ್ತಿಕೊಂಡು ಒಬ್ಬಳೇ ತರಕಾರಿಗೆ ಹೊರಟಳು. ಮುಂದಿನ ಚಕ್ರಕ್ಕೂ ಅಂಥದ್ದೇ ಟೈರ್ ಬೇಕೆಂದು ಮೊಮ್ಮಗಳು ಅರ್ಜಿ ಹಾಕಿದ್ದಾಳೆ. ಪಿಂಚಣಿ ಬರಲಿ ಎಂದಿದ್ದೇನೆ.