ಪ್ರಮಾಣಪತ್ರಕ್ಕೂ ಮೊದಲು ಕಾಣಬೇಕಾದ ಮಗು

‘ಮರ’, ‘ಕಮಲ’ಗಳನ್ನು ಸರಾಗವಾಗಿ ಓದುವ ಮೂರನೇ ತರಗತಿಯ ಮಗು ‘ಅಕ್ಷರ’, ‘ಶಾಸ್ತ್ರ’ ಎಂಬಲ್ಲಿ ತಡವರಿಸಿ ನಿಂತರೆ ಸೋಮಾರಿತನ ಎಂದುಬಿಡುವುದು ಸುಲಭ. ಆದರೆ ಕನ್ನಡದ ಓದು ವರ್ಣಮಾಲೆಗೆ ಮುಗಿಯುವುದಿಲ್ಲ. ಕಾಗುಣಿತ, ಒತ್ತಕ್ಷರಗಳೆಲ್ಲ ಸೇರಿ ನೂರಾರು ರೂಪಗಳು ಕಣ್ಣಿಗೂ ಕಿವಿಗೂ ಒಗ್ಗಬೇಕು. ಕನ್ನಡ ಕಲಿಯುವ ಮಕ್ಕಳ ಬಗ್ಗೆ ಸಂಶೋಧಕಿ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನವೂ ಅಕ್ಷರಜ್ಞಾನ ನಾಲ್ಕನೇ ತರಗತಿಯವರೆಗೂ ಬೆಳೆಯುತ್ತಲೇ ಇರುತ್ತದೆ ಎಂದು ತೋರಿಸಿತು. ಹಾಗಾಗಿ ತಡವಾದದ್ದೆಲ್ಲ ಕಲಿಕಾ ನ್ಯೂನತೆಯಲ್ಲ. ಆದರೆ ತಾನಾಗಿಯೇ ಸರಿಹೋದೀತು ಎಂದು ಎಲ್ಲರನ್ನೂ ಬಿಟ್ಟರೆ ಡಿಸ್ಲೆಕ್ಸಿಯಾ ಎಂಬ ಓದಿನ ನ್ಯೂನತೆ ಇರುವ ಮಗು ಆ ಗುಂಪಿನಲ್ಲೇ ಮರೆಯಾಗುತ್ತದೆ. ಇವೆರಡನ್ನೂ ಬೇರ್ಪಡಿಸಿ ನೋಡಬಲ್ಲವರು ತಿಂಗಳುಗಟ್ಟಲೆ ಆ ಮಗುವಿನ ನೋಟ್‌ಬುಕ್ ತಿದ್ದುವ ತರಗತಿ ಶಿಕ್ಷಕರು. ಅದಕ್ಕೇ ವಿಶೇಷ ಶಿಕ್ಷಣದ ನೆರವು ಆಸ್ಪತ್ರೆಯ ಪ್ರಮಾಣಪತ್ರದಿಂದಲ್ಲ, ಶಿಕ್ಷಕರ ಗಮನದಿಂದ ಶುರುವಾಗಬೇಕು.

ಕಾನೂನೂ ಹೀಗೇ ಹೇಳುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಯ ವೈಕಲ್ಯಗಳಲ್ಲಿ ಕಲಿಕಾ ನ್ಯೂನತೆಯೂ ಒಂದು. ಅದನ್ನು ಆದಷ್ಟು ಬೇಗ ಪತ್ತೆಹಚ್ಚಿ ತಕ್ಕ ಬೋಧನಾ ಕ್ರಮ ಕೈಗೊಳ್ಳುವ ಹೊಣೆಯನ್ನು ಕಾಯ್ದೆಯ 16ನೇ ಸೆಕ್ಷನ್ ಶಿಕ್ಷಣ ಸಂಸ್ಥೆಗಳಿಗೇ ವಹಿಸಿದೆ. ಆದರೆ ಈ ನ್ಯೂನತೆಗೆ ಪ್ರಮಾಣಪತ್ರ ಎಂಟು ವರ್ಷ ತುಂಬಿದ ಮೇಲಷ್ಟೇ ಎಂದು 2018ರ ಮಾರ್ಗಸೂಚಿ ಹೇಳಿತ್ತು. ಪತ್ರ ಬರಲಿ ಎಂದು ಕಾದರೆ ಓದಿನ ಬುನಾದಿ ಬೀಳುವ ವರ್ಷಗಳೇ ಕಳೆದುಹೋಗುತ್ತವೆ. ಪರೀಕ್ಷೆಯ ರಿಯಾಯಿತಿಗೆ, ಭತ್ಯೆಗೆ ಪತ್ರ ಬೇಕು, ಅದು ನ್ಯಾಯವೇ. ಮಗುವನ್ನು ಮುಂದಿನ ಸಾಲಿಗೆ ಕರೆದು ಕೂರಿಸಲು, ಒತ್ತಕ್ಷರವನ್ನು ಬಿಡಿಸಿ ಹೇಳಿಕೊಡಲು, ಬರೆಯುವ ಬದಲು ಬಾಯಲ್ಲಿ ಉತ್ತರ ಕೇಳಲು ಯಾವ ಪತ್ರ ಬೇಕು?

ಶಿಕ್ಷಕರೇನು ವೈದ್ಯರೇ, ಸುಮ್ಮನೆ ಮಗುವಿಗೆ ಹಣೆಪಟ್ಟಿ ಹಚ್ಚಿದಂತಾಗುವುದಿಲ್ಲವೇ ಎಂಬ ಆತಂಕವಿದೆ. ಅದನ್ನು ತಳ್ಳಿಹಾಕುವಂತಿಲ್ಲ. ಎನ್‌ಸಿಇಆರ್‌ಟಿ 2022ರಲ್ಲಿ ಹೊರತಂದ ‘ಪ್ರಶಸ್ತ್’ ತಪಾಸಣಾ ಪಟ್ಟಿ ಇದೇ ಕಾರಣಕ್ಕೆ ಕೆಲಸವನ್ನು ಎರಡು ಹಂತಕ್ಕೆ ಹಂಚುತ್ತದೆ. ತರಗತಿ ಶಿಕ್ಷಕರು ಕಂಡದ್ದನ್ನಷ್ಟೇ ಗುರುತು ಹಾಕುತ್ತಾರೆ. ಆಮೇಲೆ ವಿಶೇಷ ತರಬೇತಿ ಪಡೆದವರು ಪರಿಶೀಲಿಸುತ್ತಾರೆ. ರೋಗನಿರ್ಣಯ ತಜ್ಞರದೇ. ಎಷ್ಟೋ ಸಲ ತೊಡಕು ಕಣ್ಣಿನದೋ ಕಿವಿಯದೋ ಆಗಿದ್ದು, ಕನ್ನಡಕವೋ ಶ್ರವಣಸಾಧನವೋ ಸಾಕಾದೀತು. ಅದು ಗೊತ್ತಾಗಲೂ ಯಾರಾದರೂ ಮೊದಲು ಗಮನಿಸಿರಬೇಕಲ್ಲ? ಇನ್ನು ಹಣೆಪಟ್ಟಿಯ ಮಾತು: ‘ದಡ್ಡ’ ಎಂಬ ಪಟ್ಟಿ ಆ ಮಗುವಿಗೆ ಯಾರ ಅಪ್ಪಣೆಗೂ ಕಾಯದೆ ಆಗಲೇ ಅಂಟಿರುತ್ತದೆ. ಸರಿಯಾದ ಗುರುತಿಸುವಿಕೆ ಅದನ್ನು ಕಿತ್ತುಹಾಕುವ ದಾರಿ.

ಒಬ್ಬರೇ ಶಿಕ್ಷಕರು ಹಲವು ತರಗತಿ ನಡೆಸುವಲ್ಲಿ ಇದೆಲ್ಲ ಸಾಧ್ಯವೇ ಎಂಬ ಆಕ್ಷೇಪ ಹೆಚ್ಚು ತೂಕದ್ದು. ಕರ್ನಾಟಕದಲ್ಲಿ ಇದಕ್ಕೆಂದೇ ಸಮಗ್ರ ಶಿಕ್ಷಣ ಯೋಜನೆಯಡಿ ಬ್ಲಾಕ್ ಮಟ್ಟದಲ್ಲಿ ಬಿಐಇಆರ್‌ಟಿ ಎಂಬ ಸಂಪನ್ಮೂಲ ಶಿಕ್ಷಕರಿದ್ದಾರೆ. ಶಾಲೆಶಾಲೆಗೆ ಹೋಗಿ ಮಕ್ಕಳನ್ನು ಗುರುತಿಸುವುದು, ವೈದ್ಯಕೀಯ ತಪಾಸಣಾ ಶಿಬಿರಕ್ಕೆ ಕರೆತರುವುದು, ಶಾಲೆಗೆ ಬರಲಾಗದ ಮಕ್ಕಳಿಗೆ ಗೃಹಾಧಾರಿತ ಶಿಕ್ಷಣ ತಲುಪಿಸುವುದು ಎಲ್ಲವೂ ಅವರ ಹೆಗಲ ಮೇಲೆ. ಬ್ಲಾಕಿನುದ್ದಕ್ಕೂ ಓಡಾಡುವವರು ದಿನನಿತ್ಯದ ಬೋಧನೆಗೆ ಸಿಗುವುದಾದರೂ ಹೇಗೆ? ಸುಪ್ರೀಂ ಕೋರ್ಟ್ 2021ರಲ್ಲಿ ಪ್ರಾಥಮಿಕ ಹಂತದಲ್ಲಿ ವಿಶೇಷ ಅಗತ್ಯದ 10 ಮಕ್ಕಳಿಗೊಬ್ಬ, ಮೇಲಿನ ಹಂತದಲ್ಲಿ 15 ಮಕ್ಕಳಿಗೊಬ್ಬ ವಿಶೇಷ ಶಿಕ್ಷಕರಿರಬೇಕು ಎಂದು ಹೇಳಿತು. ಆ ನೇಮಕಾತಿಗೆ ಸರ್ಕಾರವನ್ನು ಒತ್ತಾಯಿಸಲೇಬೇಕು. ಆದರೆ ನೇಮಕ ತಡವಾಯಿತೆಂದು ಗಮನಿಸುವ ಕೆಲಸವನ್ನೂ ಮುಂದೂಡಿದರೆ, ನಾಳೆ ವಿಶೇಷ ಶಿಕ್ಷಕರು ಬಂದರೂ ಯಾವ ಮಗುವಿನ ಹತ್ತಿರ ಹೋಗಬೇಕೆಂದು ತೋರಿಸುವವರೇ ಇರುವುದಿಲ್ಲ.

ಮಗುವಿನ ಓದು, ಮಾತು, ಕೇಳಿಸುವಿಕೆಯ ಬಗ್ಗೆ ಅನುಮಾನವಿದ್ದರೆ ಪೋಷಕರು ಮುಖ್ಯ ಶಿಕ್ಷಕರನ್ನು ಕಂಡು, ಬಿಐಇಆರ್‌ಟಿ ಶಾಲೆಗೆ ಬರುವುದು ಯಾವತ್ತು ಎಂದು ಇದೇ ವಾರ ಕೇಳಲಿ.