ಪುನಶ್ಚೇತನ ವಿಜ್ಞಾನದಲ್ಲಿ ಸಂಶೋಧನೆ: ನಮ್ಮ ಮಕ್ಕಳಿಗೂ ಅಲ್ಲಿ ಕೆಲಸವಿದೆ





ನಮ್ಮ ವಿದ್ಯಾರ್ಥಿವೇತನದ ಅರ್ಜಿಯಲ್ಲಿ 'ಮುಂದೆ ಏನಾಗಬೇಕೆಂದಿದ್ದೀರಿ?' ಎಂಬ ಪ್ರಶ್ನೆ ಇದೆ. ಡಾಕ್ಟರ್, ಇಂಜಿನಿಯರ್ ಎಂದು ಬರೆಯುವವರೇ ಹೆಚ್ಚು. ಫಿಸಿಯೋಥೆರಪಿ, ವಾಕ್ ಚಿಕಿತ್ಸೆ, ಕೃತಕ ಕೈಕಾಲು ತಯಾರಿಕೆ ಎಂದು ಬರೆಯುವವರು ಕಡಿಮೆ. ಅದರಲ್ಲಿ ಸಂಶೋಧನೆ ಎಂದರೆ 'ಇನ್ನೂ ಎಷ್ಟು ವರ್ಷ ಓದಿಸುವುದು?' ಎಂದು ಮನೆಯವರೇ ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರವಾಗಿ ಈ ಲೇಖನ.

ಪುನಶ್ಚೇತನ ಎಂದರೇನು?

ಲಕ್ವ ಹೊಡೆದವರ ಜೀವವನ್ನು ಆಸ್ಪತ್ರೆ ಉಳಿಸುತ್ತದೆ. ಆಮೇಲೆ ಅವರು ಮತ್ತೆ ನಡೆಯಬೇಕು, ಕೈಯಿಂದ ಊಟ ಮಾಡಬೇಕು, ಮನೆಯವರೊಂದಿಗೆ ಮಾತಾಡಬೇಕು. ಪೀಣ್ಯದ ಯಂತ್ರಕ್ಕೆ ಬೆರಳು ಸಿಕ್ಕಿಸಿಕೊಂಡ ಕಾರ್ಮಿಕ ಮತ್ತೆ ದುಡಿಯಬೇಕು. ಈ ಎರಡನೇ ಹಂತವೇ ಪುನಶ್ಚೇತನ. ಯಾವ ವ್ಯಾಯಾಮ, ಯಾವ ಸಾಧನ, ಯಾವ ವಿಧಾನದಿಂದ ನಿಜವಾಗಿ ಉಪಯೋಗವಾಗುತ್ತದೆ ಎಂದು ಅಳೆದು ನೋಡುವುದೇ ಈ ಕ್ಷೇತ್ರದ ಸಂಶೋಧನೆ.

ಹೊರಗಿನಿಂದ ತಂದದ್ದು ಏಕೆ ಸಾಲದು?

ವಿದೇಶಗಳಲ್ಲಿ ಬಳಕೆಯಲ್ಲಿದ್ದ ಕೃತಕ ಪಾದ ಶೂ ಒಳಗೆ ಇರಲೆಂದೇ ಮಾಡಿದ್ದು. ಅದನ್ನು ಹಾಕಿಕೊಂಡು ಕುಕ್ಕರಗಾಲಲ್ಲಿ ಕೂರುವುದು, ಚಕ್ಕಳಮಕ್ಕಳ ಹಾಕುವುದು, ಬರಿಗಾಲಲ್ಲಿ ನಡೆಯುವುದು ಕಷ್ಟ. ಜೈಪುರದ ಡಾ. ಪಿ.ಕೆ. ಸೇಠಿ ಮತ್ತು ಹೆಚ್ಚು ಶಾಲೆ ಕಲಿಯದ ಕುಶಲಕರ್ಮಿ ರಾಮಚಂದ್ರ ಶರ್ಮಾ 1960ರ ದಶಕದಲ್ಲಿ ರಬ್ಬರ್ ಬಳಸಿ 'ಜೈಪುರ ಪಾದ' ರೂಪಿಸಿದರು. ಈ ಕೆಲಸಕ್ಕಾಗಿ ಸೇಠಿಯವರಿಗೆ 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಮಸೀದಿಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಒಳಗೆ ನೆಲದ ಮೇಲೆ ಕೂರುವ ನಮಗೆ ಇದರ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ.

ಮಾತಿನ ವಿಷಯದಲ್ಲಿ ತೊಡಕು ಇನ್ನೂ ಹೆಚ್ಚು. ಲಕ್ವದಿಂದ ಮೆದುಳಿನ ಭಾಷೆಯ ಭಾಗಕ್ಕೆ ಪೆಟ್ಟಾದರೆ ಮಾತು ತಪ್ಪುತ್ತದೆ, ಅರ್ಥವಾಗುವುದೂ ಕುಗ್ಗಬಹುದು. ಇದಕ್ಕೆ ಅಫೇಸಿಯಾ ಎನ್ನುತ್ತಾರೆ. ಎಷ್ಟು ಹಾನಿಯಾಗಿದೆ ಎಂದು ತಿಳಿಯಲು ಬಳಸುವ ಹಲವು ಪರೀಕ್ಷೆಗಳು ಮೊದಲು ಇಂಗ್ಲಿಷಿನಲ್ಲಿ ಹುಟ್ಟಿದವು. ಅವುಗಳನ್ನು ಪದಕ್ಕೆ ಪದ ತರ್ಜುಮೆ ಮಾಡಿದರೆ ನಡೆಯದು. ಇಂಗ್ಲಿಷಿನ 'ಇಫ್' ಬಿಡಿ ಪದ. ಕನ್ನಡದಲ್ಲಿ ಅದೇ ಅರ್ಥ 'ಬಂದರೆ' ಎನ್ನುವಾಗ ಕ್ರಿಯಾಪದದ ಕೊನೆಯಲ್ಲೇ ಸೇರಿರುತ್ತದೆ. ಆದ್ದರಿಂದ ಪರೀಕ್ಷೆಯನ್ನು ಕನ್ನಡಕ್ಕೆ ತಕ್ಕಂತೆ ಮತ್ತೆ ಕಟ್ಟಬೇಕು. ಆರೋಗ್ಯವಂತರ ಮೇಲೂ ರೋಗಿಗಳ ಮೇಲೂ ಪ್ರಯೋಗಿಸಿ, ಅಂಕಗಳು ನಂಬಬಹುದಾದವೇ ಎಂದು ನೋಡಬೇಕು. 1965ರಲ್ಲಿ ಆರಂಭವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡಕ್ಕಾಗಿ ಇಂಥ ಕೆಲಸ ನಡೆದಿದೆ.

ಹೆಗ್ಗನಹಳ್ಳಿ, ಸುಂಕದಕಟ್ಟೆ, ಲಗ್ಗೆರೆಯ ನಮ್ಮ ಎಷ್ಟೋ ಮನೆಗಳಲ್ಲಿ ಒಳಗೆ ದಖನಿ ಉರ್ದು, ಬೀದಿಯಲ್ಲಿ ಕನ್ನಡ. ಅಂಥ ಮನೆಯ ಹಿರಿಯರಿಗೆ ಮಾತು ನಿಂತರೆ ಯಾವ ಭಾಷೆಯಲ್ಲಿ ಪರೀಕ್ಷಿಸಬೇಕು? ಯಾವುದರಲ್ಲಿ ಚಿಕಿತ್ಸೆ ಶುರು ಮಾಡಬೇಕು? ಕನ್ನಡದಲ್ಲಷ್ಟೇ ಕೇಳಿ 'ಇವರಿಗೆ ಅರ್ಥವಾಗುತ್ತಿಲ್ಲ' ಎಂದು ಬರೆದುಬಿಟ್ಟರೆ ಅನ್ಯಾಯ. ಎರಡೂ ಭಾಷೆ ಆಡುತ್ತಾ ಬೆಳೆದ ನಮ್ಮ ಹುಡುಗ ಹುಡುಗಿಯರಿಗೆ ಈ ಪ್ರಶ್ನೆಗಳು ತಾವಾಗಿಯೇ ಹೊಳೆಯುತ್ತವೆ. ಸಂಶೋಧನೆಯಲ್ಲಿ ಅದೇ ದೊಡ್ಡ ಬಂಡವಾಳ.

ದಾರಿ ಹೇಗೆ?

ಪಿಯುಸಿ ವಿಜ್ಞಾನದ ನಂತರ ಪದವಿ, ಆಮೇಲೆ ಸ್ನಾತಕೋತ್ತರ ಪದವಿ, ಅನಂತರ ಪಿಎಚ್.ಡಿ. ವಾಕ್ ಮತ್ತು ಶ್ರವಣಕ್ಕೆ ಮೈಸೂರಿನ ಸಂಸ್ಥೆ ಇದೆ. ಕೃತಕ ಅಂಗಗಳ ವಿಷಯದಲ್ಲಿ ಬೆಂಗಳೂರಿನ ಜೆ.ಪಿ. ನಗರದ ಮೊಬಿಲಿಟಿ ಇಂಡಿಯಾ ತರಬೇತಿ ನೀಡುತ್ತದೆ. ನರರೋಗಿಗಳ ಪುನಶ್ಚೇತನಕ್ಕೆ ನಿಮ್ಹಾನ್ಸ್‌ನಲ್ಲಿ ಪ್ರತ್ಯೇಕ ವಿಭಾಗವೇ ಇದೆ.

ಫೀಸು ಕಟ್ಟುವ ಮೊದಲು ಒಂದು ವಿಷಯ ಖಚಿತಪಡಿಸಿಕೊಳ್ಳಿ. ವಾಕ್ ಶ್ರವಣ ಮತ್ತು ಕೃತಕ ಅಂಗಗಳ ಕೋರ್ಸಿಗೆ 1992ರ ಕಾಯ್ದೆಯಡಿ ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆ ಇರಬೇಕು. ಫಿಸಿಯೋಥೆರಪಿ 2021ರ ಸಹ-ಆರೋಗ್ಯ ವೃತ್ತಿಗಳ ಕಾಯ್ದೆಯಡಿ ಬರುತ್ತದೆ. ಮಾನ್ಯತೆ ಇಲ್ಲದ ಕಡೆ ಸೇರಿದರೆ ಹಣವೂ ವರ್ಷಗಳೂ ವ್ಯರ್ಥ.

ಸಂಶೋಧಕರು ಮನೆಗೆ ಬಂದರೆ

ರೋಗಿಗಳ ಮೇಲೆ ನಡೆಯುವ ಅಧ್ಯಯನಕ್ಕೆ ನೈತಿಕ ಸಮಿತಿಯ ಅನುಮತಿ ಬೇಕು. ಭಾಗವಹಿಸುವವರಿಗೆ ಅವರದೇ ಭಾಷೆಯಲ್ಲಿ ವಿವರಿಸಿ ಒಪ್ಪಿಗೆ ಪಡೆಯಬೇಕು. ಬೇಡ ಎನ್ನುವ ಹಕ್ಕು ನಿಮಗಿದೆ. ಮಧ್ಯದಲ್ಲಿ ಬಿಡುವ ಹಕ್ಕೂ ಇದೆ. ಅದರಿಂದ ನಿಮ್ಮ ಚಿಕಿತ್ಸೆ ನಿಲ್ಲಬಾರದು. ವಿವರಿಸದೆ ಸಹಿ ಕೇಳಿದರೆ ಹಾಕಬೇಡಿ.

ದಾನಿಗಳಲ್ಲಿ ಒಂದು ಮಾತು

ಅಲ್ಪಸಂಖ್ಯಾತ ಸಂಶೋಧನಾ ವಿದ್ಯಾರ್ಥಿಗಳಿಗಿದ್ದ ಮೌಲಾನಾ ಆಜಾದ್ ರಾಷ್ಟ್ರೀಯ ಫೆಲೋಶಿಪ್ಪನ್ನು ಕೇಂದ್ರ ಸರ್ಕಾರ 2022-23ರಿಂದ ನಿಲ್ಲಿಸಿತು. ಪದವಿ ಮುಗಿದ ಕೂಡಲೇ ಮನೆ ನಡೆಸಬೇಕಾದ ಮಗುವಿಗೆ ಮುಂದಿನ ಓದು ಅಲ್ಲೇ ಕಡಿದುಹೋಗುತ್ತದೆ. ಹಾಸ್ಟೆಲ್ ಖರ್ಚು, ಪುಸ್ತಕ, ರೋಗಿಗಳ ಮನೆಗೆ ಹೋಗುವ ಬಸ್ ಚಾರ್ಜು ಇಂಥ ಸಣ್ಣ ಮೊತ್ತಗಳೇ ಅಲ್ಲಿ ನಿರ್ಣಾಯಕ. ಸಂಶೋಧನೆಯ ಫಲ ಒಂದು ವರ್ಷದ ವರದಿಯಲ್ಲಿ ಕಾಣುವುದಿಲ್ಲ. ಆದರೆ ಒಂದು ಒಳ್ಳೆಯ ಪರೀಕ್ಷೆ ಸಿದ್ಧವಾದರೆ ಅದನ್ನು ರೂಪಿಸಿದವರ ನಂತರವೂ ರೋಗಿಗಳಿಗೆ ನೆರವಾಗುತ್ತದೆ. ಪ್ರಯೋಜನಕಾರಿ ಜ್ಞಾನವನ್ನು ಸದಕಾ ಜಾರಿಯಾ ಎನ್ನುವುದು ಇದಕ್ಕೇ.

ಈ ಕೋರ್ಸುಗಳಲ್ಲಿ ಓದುತ್ತಿರುವವರು, ಸೇರಬಯಸುವವರು ಅಂಕಪಟ್ಟಿ, ಆದಾಯ ಪ್ರಮಾಣಪತ್ರ ಮತ್ತು ಕಾಲೇಜಿನ ಮಾನ್ಯತೆಯ ಪ್ರತಿಯೊಂದಿಗೆ ಟ್ರಸ್ಟಿನ ಕಚೇರಿಗೆ ಬನ್ನಿ. ಹೆಣ್ಣುಮಕ್ಕಳ ಪೋಷಕರು ಹಿಂಜರಿಯದೆ ಬಂದು ಮಾತಾಡಿ. ಅಲ್ಲಾಹನು ನಮ್ಮ ಮಕ್ಕಳ ವಿದ್ಯೆಯನ್ನು ಜನರಿಗೆ ಉಪಯುಕ್ತವಾಗಿಸಲಿ, ದಾನಿಗಳ ದಾನವನ್ನು ಸ್ವೀಕರಿಸಲಿ. ಆಮೀನ್.